ಶುಕ್ರವಾರದ ನೀರು

ಅಕ್ಕಯ್ಯಮ್ಮನ ತಲೆಯನ್ನು ಮುಟ್ಟುವವರು ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ತಲೆ ಮುಟ್ಟುವುದೇನು ಮಹಾ ಎಂದು ನಗುವವರು ನಗಲಿ. ಮನೆ ತುಂಬ ಜನ ಇರುವವರಿಗೆ ಇದು ತಿಳಿಯುವ ಮಾತಲ್ಲ. ಹೆಂಗಸಿಗೆ ಇನ್ನೊಬ್ಬ ಹೆಂಗಸು ಎಣ್ಣೆ ಒತ್ತುತ್ತಾಳೆ, ಹೇನು ತೆಗೆಯುತ್ತಾಳೆ, ಜಡೆ ಹಾಕುತ್ತಾಳೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾಳೆ. ಅಕ್ಕಯ್ಯಮ್ಮನಿಗೆ ಇದನ್ನೆಲ್ಲ ಮಾಡುತ್ತಿದ್ದವಳು ಅವಳ ಅಕ್ಕ. ಕ್ಯಾಸಂಬಳ್ಳಿಯಲ್ಲಿದ್ದಳು. ಹಬ್ಬಕ್ಕೆ ಹೋದಾಗ ತಂಗಿಯನ್ನು ಬಾಗಿಲ ಮುಂದೆ ಕೂರಿಸಿಕೊಂಡು ಅಂಗೈ ತುಂಬ ಎಣ್ಣೆ ಸುರಿದು ನೆತ್ತಿಗೆ ತಟ್ಟುತ್ತಿದ್ದಳು. ಅವಳು ತೀರಿಕೊಂಡಳು. ಗಂಡ ಮುನಿಸ್ವಾಮಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಮಕ್ಕಳಾಗಲಿಲ್ಲ. ಅಲ್ಲಿಗೆ ಮುಗಿಯಿತು. ಆಮೇಲೆ ಅವಳ ತಲೆಗೆ ಬಿದ್ದ ಕೈ ಅವಳದೇ.

ಅವಳ ಮನೆ ಮಾರಿಕುಪ್ಪಂ ಸ್ಟೇಷನ್ನಿನ ಹಿಂದೆ, ಚಿನ್ನದ ಗಣಿಯ ಕೂಲಿಯವರಿಗೆಂದು ಕಟ್ಟಿದ ಲೈನಿನಲ್ಲಿ. ಒಂದೇ ಕೋಣೆ, ತಗಡಿನ ಮಾಡು, ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು. ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳು ಈಗ ಮಕ್ಕಳನ್ನು ಹೆತ್ತಿದ್ದಾರೆ. ಬೆಳಗಿನ ರೈಲಿಗೆ ಲೈನಿನ ಗಂಡಸರು ಹೆಂಗಸರೆಲ್ಲ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಬಂದು ಬಿದ್ದುಕೊಳ್ಳುತ್ತಾರೆ. ಯಾರಿಗೂ ಯಾರ ಜೊತೆಗೂ ಜಗಳವಿಲ್ಲ. ಜಗಳಕ್ಕೂ ಪುರುಸೊತ್ತು ಬೇಕಲ್ಲ. ಅಕ್ಕಯ್ಯಮ್ಮ ಕೆಲವು ದಿನ ಟಿಕೆಟ್ ಕೊಡುವವನ ಹತ್ತಿರ ಊರಿನ ಹೆಸರು ಹೇಳಿದ್ದು ಬಿಟ್ಟರೆ ಬೇರೆ ಮಾತೇ ಆಡಿರುತ್ತಿರಲಿಲ್ಲ. ಪಕ್ಕದ ಮನೆಯ ವನಿತಾ ಒಬ್ಬಳು ಸಿಕ್ಕಾಗ ನಿಂತು ತನ್ನ ತಮಿಳು ಬೆರೆತ ಕನ್ನಡದಲ್ಲಿ ಮಾತಾಡಿಸುತ್ತಿದ್ದಳು. ಅವಳಿಗೂ ಗಾರ್ಮೆಂಟ್ಸು, ಕೈಕೂಸು, ಕುಡುಕ ಗಂಡ. ಎಷ್ಟು ಹೊತ್ತು ನಿಂತಾಳು?

ಅವಳು ಟಿಕೆಟ್ ಕೇಳುತ್ತಿದ್ದ ಆ ಊರಿನ ಹೆಸರು ಬಂಗಾರಪೇಟೆ. ಅಲ್ಲಿಯ ಬಜಾರಿನಲ್ಲಿ ವೇಣು ಎಂಬವನ ಚಿನ್ನದ ಅಂಗಡಿಯಿತ್ತು. ಮುಂದೆ ಗಾಜಿನ ಅಂಗಡಿ, ಹಿಂದೆ ಒಡವೆ ಮಾಡುವ ಕೋಣೆ, ಮೇಲೆ ಮನೆ. ಅಕ್ಕಯ್ಯಮ್ಮ ಅಲ್ಲಿ ಕಸದವಳು.

ಕಸವೆಂದರೆ ನಮ್ಮ ನಿಮ್ಮ ಮನೆಯ ಕಸವಲ್ಲ. ಒಡವೆಗೆ ಅರ ಹಾಕುವಾಗ, ಮೋಟಾರಿನ ಬ್ರಷ್ಷಿಗೆ ಹಿಡಿದು ಪಾಲಿಶ್ ಮಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಪುಡಿ ಹಾರುತ್ತದೆ. ಚಾಪೆಯ ಮೇಲೆ, ಗೋಡೆಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಕೂರುತ್ತದೆ. ಅದನ್ನೆಲ್ಲ ಗುಡಿಸಬೇಕು. ಕೆಲಸದವರು ಕೈ ತೊಳೆದ ನೀರನ್ನು ಡ್ರಮ್ಮಿನಲ್ಲಿ ನಿಲ್ಲಿಸಿ ತಳದ ಕೆಸರನ್ನು ಎತ್ತಬೇಕು. ತಾರಸಿಯ ಮೇಲೆ ಒಣಗಿಸಿ, ಬಾಣಲೆಯಲ್ಲಿ ಸುಟ್ಟು, ಕುಟ್ಟಿ, ಜರಡಿ ಹಿಡಿದು, ಮರಿಗೆ ಎನ್ನುವ ಮರದ ತಟ್ಟೆಗೆ ಹಾಕಿಕೊಂಡು ನೀರಿನಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ಮಣ್ಣನ್ನು ಹೊರಗೆ ಬಿಟ್ಟು ಚಿನ್ನವನ್ನು ಒಳಗೆ ಉಳಿಸಬೇಕು. ಕುಕ್ಕರುಗಾಲಿನಲ್ಲಿ ಕೂತು ಇಡೀ ದಿನ. ಸೊಂಟ ಹಿಡಿಯುತ್ತದೆ. ಬೆರಳ ಸಂದಿ ಕೊಳೆಯುತ್ತದೆ. ಹೊಗೆಗೆ ಕಣ್ಣು ಉರಿದು ಮೂಗು ಸೋರುತ್ತದೆ. ಸಂಜೆಗೆ ಮರಿಗೆಯ ಅಂಚಿನಲ್ಲಿ ಒಂದು ಹಳದಿ ಗೆರೆ ಉಳಿಯುತ್ತದೆ. ಅದನ್ನು ವೇಣು ಬಂದು ಎತ್ತಿಕೊಂಡು ಹೋಗುತ್ತಾನೆ. ಅವಳಿಗೆ ದಿನಗೂಲಿ.

ಅವಳು ಬರುವುದು ಹೋಗುವುದು ಪಕ್ಕದ ಸಂದಿಯಿಂದ. ಮುಂದಿನ ಅಂಗಡಿಯೊಳಗೆ ಅವಳು ಕಾಲಿಟ್ಟಿದ್ದೇ ಇಲ್ಲ. ಮೇಲಿನ ಮನೆಯ ಮೆಟ್ಟಿಲನ್ನು ಗುಡಿಸುತ್ತಿದ್ದಳು, ಹತ್ತುತ್ತಿರಲಿಲ್ಲ. ತಾರಸಿಗೆ ಹೋಗುವುದೂ ಹಿತ್ತಲ ಕಬ್ಬಿಣದ ಏಣಿಯಿಂದ. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಕಾಲ ಹೋಯಿತು ನೋಡಿ. ಈಗ ಎಲ್ಲರಿಗೂ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟುಬಿಡುತ್ತಾರೆ, ಯಾರಿಗಾಗಿ ಪೇಪರ್ ಲೋಟ ಬಂತು ಎಂದು ಕೇಳುವ ಹಾಗೇ ಇಲ್ಲ. ಅವಳಿಗೆ ತನ್ನ ಕೇರಿ ಯಾವುದು, ತಾನು ಎಲ್ಲಿ ನಿಲ್ಲಬೇಕು ಎನ್ನುವುದು ಗೊತ್ತಿತ್ತು. ಅಲ್ಲೇ ನಿಲ್ಲುತ್ತಿದ್ದಳು.

ಚಿನ್ನದ ರೇಟು ಏರಿತು. ಏರುತ್ತಲೇ ಹೋಯಿತು. ಪತ್ರಿಕೆಯಲ್ಲಿ ಓದಿದವರು ಬಾಯಿ ಬಾಯಿ ಬಿಟ್ಟರು, ಹೆಣ್ಣು ಹೆತ್ತವರು ಹಣೆ ಹಣೆ ಚಚ್ಚಿಕೊಂಡರು. ವೇಣುವಿನ ಕಣ್ಣು ಮಾತ್ರ ನೆಲಕ್ಕೆ ಇಳಿಯಿತು. ಅವನು ಕೆಟ್ಟವನೆಂದು ಹೆಸರು ತೆಗೆದುಕೊಂಡವನಲ್ಲ. ದೇವಸ್ಥಾನಕ್ಕೆ ಕೊಡುತ್ತಿದ್ದ, ಕೂಲಿಯನ್ನು ತಡ ಮಾಡುತ್ತಿರಲಿಲ್ಲ. ಆದರೆ ರೇಟು ಏರಿದ ಮೇಲೆ ಅವನಿಗೆ ನಿದ್ದೆ ಬಾರದಾಯಿತು. ಚಿನ್ನ ಎಲ್ಲೋ ಸೋರಿ ಹೋಗುತ್ತಿದೆ, ಯಾರದೋ ಮೈಗಂಟಿಕೊಂಡು ಹೋಗುತ್ತಿದೆ ಎನ್ನುವ ಒಂದೇ ಯೋಚನೆ. ಕೆಲಸದವರು ಕೈ ಮಾತ್ರ ಅಲ್ಲ, ಕಾಲು ಮುಖವನ್ನೂ ಡ್ರಮ್ಮಿನ ಮೇಲೆ ತೊಳೆದುಕೊಂಡು ಹೋಗಬೇಕೆಂದ. ಹಾಕಿಕೊಂಡ ಬನಿಯನ್ನನ್ನು ಅಲ್ಲೇ ಬಿಟ್ಟು ಹೋಗಬೇಕೆಂದ. ಪಾಲಿಶ್ ಕೆಲಸದ ಅಂಬರೀಶ ಒಂದು ದಿನ ಸೀನಿ ಮೂಗು ಒರೆಸಿಕೊಂಡರೆ, ಆ ಕರ್ಚೀಫನ್ನೂ ಇಟ್ಟು ಹೋಗು ಎಂದ. ಅಂಬರೀಶ ನಕ್ಕ. ವೇಣು ನಗಲಿಲ್ಲ.

ಅವರ ಮನೆಯಲ್ಲಿ ಶುಕ್ರವಾರ ಏನನ್ನೂ ಹೊರಗೆ ಕೊಡುವುದಿಲ್ಲ. ಸಾಲವಿಲ್ಲ, ಉಪ್ಪಿಲ್ಲ, ಕಸ ಕೂಡ ಹೊಸ್ತಿಲು ದಾಟುವುದಿಲ್ಲ. ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆಂಬ ನೇಮ. ಇದು ಎಷ್ಟೋ ಮನೆಗಳಲ್ಲಿದೆ, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಶುಕ್ರವಾರ ಬೆಳಿಗ್ಗೆ ಪಾಲಿಶ್ ಕೋಣೆಯನ್ನು ಮೂಲೆ ಮೂಲೆ ಬಿಡದೆ ಗುಡಿಸುವುದು ಅಕ್ಕಯ್ಯಮ್ಮನ ಕೆಲಸ. ಆಮೇಲೆ ಪೂಜೆ.

ಅಂಥ ಒಂದು ಶುಕ್ರವಾರ ಗುಡಿಸಿ ಹೊರಗೆ ಬಂದಾಗ ವೇಣುವಿನ ಹೆಂಡತಿ ಸುಮಲತ ಹಿತ್ತಲಲ್ಲಿ ನಿಂತಿದ್ದಳು. ಮೂವತ್ತರ ಹೆಂಗಸು, ಮೆಲುಮಾತಿನವಳು. ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ಅದರೊಳಗೆ ಒಂದು ಮಣೆ.

"ಅಕ್ಕಯ್ಯಮ್ಮ, ತಲೆ ಎಷ್ಟು ಗಲೀಜಾಗಿದೆ ನೋಡ್ಕೊಂಡಿದ್ದೀಯಾ? ಬಾ ಇಲ್ಲಿ, ಸೀಗೆಕಾಯಿ ಹಾಕಿ ಉಜ್ಜಿ ಕಳಿಸ್ತೀನಿ."

ಅಕ್ಕಯ್ಯಮ್ಮನಿಗೆ ಅರ್ಥವಾಗಲಿಲ್ಲ. ಯಾರನ್ನು ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು.

"ನಾನಾ? ಬ್ಯಾಡಿ ತಾಯಿ. ನೀವು ಮುಟ್ಟಾದಾ? ಅದೆಂಗಾತದೆ?"

"ಈ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ? ಕೂತ್ಕೋ ಸುಮ್ನೆ. ನೀರು ಆರಿ ಹೋಗುತ್ತೆ."

ಅವಳು ಕೂತಳು. ಮಣೆಯ ಮೇಲೆ ಮೈಯೆಲ್ಲ ಹಿಡಿ ಮಾಡಿಕೊಂಡು ಕೂತಳು. ಬಿಸಿನೀರು ನೆತ್ತಿಗೆ ಬಿತ್ತು. ಆಮೇಲೆ ಹತ್ತು ಬೆರಳು ಬಂದವು. ಕೂದಲ ಬುಡಕ್ಕೆ ಇಳಿದವು. ಕಿವಿಯ ಹಿಂದೆ, ಕತ್ತಿನ ಮೇಲೆ, ನೆತ್ತಿಯ ಸುತ್ತ, ಅವಸರವಿಲ್ಲದೆ ತಿರುಗಿದವು. ಅಕ್ಕಯ್ಯಮ್ಮನ ಅವ್ವನ ಕಾಲದಲ್ಲಿ ಇಂಥ ಮನೆಗಳ ಮುಂದೆ ಬೊಗಸೆ ಹಿಡಿದು ನಿಂತರೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಇವತ್ತು ಅದೇ ಮನೆಯ ಗೃಹಿಣಿಯ ಕೈ ತನ್ನ ತಲೆಯ ಮೇಲಿದೆ. ಅತ್ತುಬಿಟ್ಟಳು. ನೀರಿನೊಳಗೆ ಅತ್ತರೆ ಯಾರಿಗೆ ಕಾಣುತ್ತದೆ?

ತಲೆ ಒರೆಸಿದ ಮೇಲೆ ಸುಮಲತ ಒಂದು ಬಿಳಿ ಬಟ್ಟೆ ಹಾಸಿ ಅದರ ಮೇಲೆ ಅವಳನ್ನು ಕೂರಿಸಿ ಒತ್ತುಹಲ್ಲಿನ ಸೀರಣಿಗೆಯಲ್ಲಿ ಬಾಚಿದಳು. ಕೊನೆಗೆ ಒಂದು ಶೀಸೆ ಕೊಬ್ಬರಿ ಎಣ್ಣೆ ಕೊಟ್ಟಳು.

"ದಿನಾ ಚೆನ್ನಾಗಿ ಹಚ್ಕೊಂಡು ಬಾ. ಕೂದಲು ಉದ್ದ ಇದೆ, ಒಣಗಿಸ್ಕೋಬೇಡ. ಮತ್ತೆ ಕೆಲಸ ಮಾಡೋವಾಗ ಆ ಬಟ್ಟೆ ಯಾಕೆ ತಲೆಗೆ ಬಿಗಿದು ಕಟ್ತೀಯ? ಸೆಕೆಗೆ ತಲೆನೋವು ಬರುತ್ತೆ. ಬಿಚ್ಚಿ ಹಾಕು."

ಬಿಚ್ಚಿ ಹಾಕಿದಳು. ಅದೇ ಬಟ್ಟೆಯನ್ನು ಮೂಗಿಗೂ ಸುತ್ತಿಕೊಳ್ಳುತ್ತಿದ್ದಳು. ಅದೂ ಹೋಯಿತು.

ಆಮೇಲಿನ ಶುಕ್ರವಾರವೂ ಹಂಡೆ ಕಾಯುತ್ತಿತ್ತು. ಅದರ ಮುಂದಿನ ಶುಕ್ರವಾರವೂ ಕಾಯುತ್ತಿತ್ತು. ಅಕ್ಕಯ್ಯಮ್ಮನಿಗೆ ವಾರವೆಂದರೆ ಶುಕ್ರವಾರವಾಯಿತು. ಉಳಿದ ದಿನಗಳು ಅದರ ಹಿಂದೆಯೋ ಮುಂದೆಯೋ ಇರುವ ದಿನಗಳಾದವು. ರೈಲಿನಲ್ಲಿ ನೂಕುವವರ ಮಧ್ಯೆ ನಿಂತು ನೆತ್ತಿಯ ಮೇಲಿನ ಆ ಬೆರಳುಗಳನ್ನು ನೆನೆದುಕೊಳ್ಳುತ್ತಿದ್ದಳು. ಒಂದು ಭಾನುವಾರ ವನಿತಾಳನ್ನು ತಾನೇ ಕರೆದು ನಿಲ್ಲಿಸಿ ಹೇಳಿದಳು.

"ನಮ್ ಅಮ್ಮೋರು ನಂಗೆ ತಲೆಗ್ ನೀರಾಕ್ತಾರೆ ಕಣಮ್ಮ. ಅವ್ರ ಕೈಯಾರೆ. ಮಗಳಿದ್ದಿದ್ರೂ ಅಂಗೆ ಉಜ್ತಿರ್ಲಿಲ್ಲ."

"ನಿಜವಾ ಅಕ್ಕಾ?" ವನಿತಾ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಹಾಕಿಕೊಂಡಳು. "ನಲ್ಲ ಮನಸು, ಒಳ್ಳೇ ಮನಸು ಅವ್ರಿಗೆ. ನಮ್ ಸೂಪರ್‌ವೈಸರ್ ಬಾತ್ರೂಮಿಗೆ ಓದ್ರೂ ಬಾಗ್ಲು ಬಡೀತಾನೆ."

ಅಕ್ಕಯ್ಯಮ್ಮನಿಗೆ ಹೆಮ್ಮೆಯಾಯಿತು. ಕ್ಯಾಸಂಬಳ್ಳಿಯ ಬಸ್ಸು ಹಿಡಿದು ಹೋಗಿ ಸುಮಲತಳಿಗೆಂದು ಎಳೆ ಅವರೆಕಾಯಿ ತಂದುಕೊಟ್ಟಳು. ಸುಮಲತ ತೆಗೆದುಕೊಂಡಳು. ಅದನ್ನು ಬೇಯಿಸಿದರೋ ಕೆಲಸದವರಿಗೆ ಹಂಚಿದರೋ ಅಕ್ಕಯ್ಯಮ್ಮ ಕೇಳಲಿಲ್ಲ. ತೆಗೆದುಕೊಂಡಳಲ್ಲ, ಅದೇ ಸಾಕಾಗಿತ್ತು. ಮಳೆಗಾಲಕ್ಕೆ ಅವಳಿಗೆ ಒಂದು ಒಣಕೆಮ್ಮು ಹತ್ತಿಕೊಂಡಿತು. ಪಾಲಿಶ್ ಕೋಣೆಯಲ್ಲಿ ಬಗ್ಗಿದರೆ ಎದೆ ಹಿಡಿಯುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಲೇ ಎಂದು ಎಷ್ಟೋ ಸಲ ಯೋಚಿಸಿದಳು. ಅಮ್ಮೋರು ಬೇಡ ಎಂದಿದ್ದಾರಲ್ಲ ಎಂದು ಸುಮ್ಮನಾದಳು. ಪ್ರೀತಿ ಸಿಕ್ಕದವರಿಗೆ ಪ್ರೀತಿಯ ಹೆಸರಿನಲ್ಲಿ ಏನು ಹೇಳಿದರೂ ನಡೆಯುತ್ತದೆ. ಥೂ, ನೆನೆದರೆ ಹೊಟ್ಟೆ ಉರಿಯುತ್ತದೆ.

ಮೆಟ್ಟಿಲ ಕೆಳಗೆ ಒಂದು ನೀಲಿ ಡ್ರಮ್ಮಿತ್ತು. ಯಾವಾಗಲೂ ಮುಚ್ಚಿರುತ್ತಿತ್ತು. ಅದನ್ನು ವೇಣು ತಾನೇ ಬಗ್ಗಿಸಿ ನೀರು ಚೆಲ್ಲಿ ತಳದ ಕೆಸರನ್ನು ಎತ್ತುತ್ತಿದ್ದ. ದೀಪಾವಳಿಗೆ ಮುಂಚಿನ ಒಂದು ಬುಧವಾರ ಅವನಿಗೆ ಸೊಂಟ ಹಿಡಿದುಕೊಂಡಿತ್ತು. ಕಾಯಬಹುದಿತ್ತು. ಆದರೆ ರೇಟು ಅವತ್ತು ಇನ್ನಷ್ಟು ಏರಿತ್ತು, ಇಳಿಯುವ ಮುಂಚೆ ಎಲ್ಲವನ್ನೂ ಕರಗಿಸಿ ಮಾರಬೇಕಿತ್ತು. ಗೋಡೆ ಹಿಡಿದು ನಿಂತು ಕೂಗಿದ.

"ಅಕ್ಕಯ್ಯಮ್ಮ, ಮೆಟ್ಟಿಲ ಕೆಳಗಿಂದೂ ಎತ್ಬಿಡು. ಬಟ್ಟೆಗೆ ಹಾಕಿ ಒಣಗಿಸು."

ಇವಳಿಗೇನು ತಿಳಿಯುತ್ತದೆ ಎಂದುಕೊಂಡಿರಬೇಕು.

ಅಕ್ಕಯ್ಯಮ್ಮ ಮೇಲಿನ ನೀರನ್ನು ಚೊಂಬಿನಲ್ಲಿ ತೋಡಿ ಚೆಲ್ಲಿದಳು. ಮೊಣಕೈವರೆಗೆ ಕೈ ಇಳಿಬಿಟ್ಟು ತಳದ ಕೆಸರನ್ನು ಬಾಚಿದಳು. ಕೆಸರು ಲೋಳೆಯಾಗಿತ್ತು. ಸೀಗೆಕಾಯಿಯ ವಾಸನೆ ಹೊಡೆಯಿತು. ಬೆರಳಿಗೆ ಏನೋ ಸುತ್ತಿಕೊಂಡಿತು. ಬಿಸಿಲಿಗೆ ಹಿಡಿದು ನೋಡಿದಳು. ಕೂದಲು. ಉದ್ದ ಕೂದಲು, ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು. ಆ ಮನೆಯಲ್ಲಿ ನರೆತ ತಲೆಯ ಹೆಂಗಸು ಬೇರೆ ಯಾರೂ ಇರಲಿಲ್ಲ.

ಕೈಯನ್ನು ಹಾಗೇ ಹಿಡಿದುಕೊಂಡು ಪಾಲಿಶ್ ಕೋಣೆಯ ಬಾಗಿಲಿಗೆ ಹೋದಳು.

"ಅಂಬ್ರೀಸಾ, ಆ ಡ್ರಮ್ಮಲ್ಲಿ ಏನ್ ನೀರ್ಲಾ ಇರಾದು?"

ಅಂಬರೀಶ ಮೋಟಾರು ನಿಲ್ಲಿಸಿದ. ಅವಳ ಕೈ ನೋಡಿದ. ಆಮೇಲೆ ತನ್ನ ಕಾಲು ನೋಡಿಕೊಂಡ.

"ನಿಂಗೆ ಯಾರೂ ಏಳ್ಲಿಲ್ವಾ ಅಕ್ಕಯ್ಯಮ್ಮ?"

"ಏನ್ ಏಳ್ಬೇಕು?"

"ನಿನ್ ತಲೆ ನೀರು ಅದು. ನಾವು ಗಂಡಸ್ರು, ಕ್ರಾಪ್ ಒಡೆಸ್ಕೊಂಡಿರ್ತೀವಿ, ನಮ್ ತಲೇಲಿ ಏನೂ ನಿಲ್ಲಲ್ಲ. ನಿಂದು ಉದ್ದ. ಎಣ್ಣೆ ಅಚ್ಚಿದ್ರೆ ಪುಡಿ ಅಂಗೇ ಅಂಟ್ಕೊಂತದೆ." ಅವನು ತಡೆದು ಹೇಳಿದ. "ನಿಂಗೆ ಗೊತ್ತಿದ್ದೇ ಕೂತ್ಕೊಂತೀಯ ಅನ್ಕೊಂಡಿದ್ವಿ."

ಎಣ್ಣೆ ಶೀಸೆ ಅದಕ್ಕೆ. ತಲೆಬಟ್ಟೆ ಬಿಚ್ಚಿಸಿದ್ದು ಅದಕ್ಕೆ. ಟಬ್ಬು ಅದಕ್ಕೆ, ಸೀರಣಿಗೆಯ ಕೆಳಗಿನ ಬಿಳಿ ಬಟ್ಟೆ ಅದಕ್ಕೆ. ಅವಳ ತಲೆಯನ್ನು ಪೊರಕೆ ಮಾಡಿಕೊಂಡಿದ್ದರು. ಪೊರಕೆಯನ್ನು ಒದರಿ ಇಟ್ಟುಕೊಳ್ಳುವ ಹಾಗೆ ಶುಕ್ರವಾರ ಶುಕ್ರವಾರ ತೊಳೆದುಕೊಂಡಿದ್ದರು. ಕಾನೂನಿನಿಂದ ಆಗದಿದ್ದನ್ನು ಚಿನ್ನದ ರೇಟು ಮಾಡಿಸಿತ್ತು. ಮಡಿಯ ಕೈ ಕೇರಿಯವಳ ತಲೆ ಮುಟ್ಟಿತ್ತು.

ಆ ದಿನ ಅವಳು ಕೆಲಸ ಬಿಟ್ಟು ಹೋಗಲಿಲ್ಲ. ಹೋಗಬೇಕೆಂದು ಹೊಳೆಯಲೂ ಇಲ್ಲ. ಕೆಸರನ್ನು ಒಣಗಿಸಿದಳು. ಮರುದಿನ ಬಂದು ಸುಟ್ಟಳು. ಕೂದಲು ಸುಟ್ಟ ಕಮಟು ತಾರಸಿಯೆಲ್ಲ ತುಂಬಿತು. ಕುಟ್ಟಿದಳು, ಜರಡಿ ಹಿಡಿದಳು, ಕುಕ್ಕರುಗಾಲಿನಲ್ಲಿ ಕೂತು ಮರಿಗೆ ಅಲ್ಲಾಡಿಸಿದಳು. ಮಣ್ಣು ಹರಿದು ಹೋಗಿ ಅಂಚಿನಲ್ಲಿ ಹಳದಿ ಗೆರೆ ಉಳಿಯಿತು. ಎಂದಿನ ಗೆರೆಯೇ. ವೇಣು ಸೊಂಟ ಹಿಡಿದುಕೊಂಡು ಬಂದು ಎತ್ತಿಕೊಂಡ. ಮುಖ ಅರಳಿತು.

"ಪರವಾಗಿಲ್ವೇ, ಚೆನ್ನಾಗೇ ಬಿದ್ದಿದೆ," ಎಂದ.

ಆ ರಾತ್ರಿ ಅವಳು ಉಣ್ಣಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಂದಿದ್ದು ನಾಚಿಕೆ. ವನಿತಾಳ ಮುಂದೆ ಕೊಚ್ಚಿಕೊಂಡದ್ದು, ಅವರೆಕಾಯಿ ಕಟ್ಟಿಕೊಂಡು ಹೋದದ್ದು, ನೀರಿನಲ್ಲಿ ಅತ್ತದ್ದು. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಲಗಿದ ಮೇಲೂ ಅವಳ ನೆತ್ತಿ ಆ ಬೆರಳುಗಳನ್ನೇ ಕೇಳುತ್ತಿತ್ತು. ಎಲ್ಲ ತಿಳಿದ ಮೇಲೂ ನಾಳೆ ಹೋಗಿ ಏನೂ ಗೊತ್ತಿಲ್ಲದವಳ ಹಾಗೆ ಮಣೆಯ ಮೇಲೆ ಕೂತುಬಿಡಲೇ ಎನ್ನಿಸಿತು. ಯಾರಿಗೇನು ನಷ್ಟ? ಅವರಿಗೆ ಚಿನ್ನ, ನನಗೆ ಎರಡು ಗಳಿಗೆಯ ಕೈ. ಹೀಗೆ ಯೋಚನೆ ಬಂದಾಗ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಎದ್ದು ಕೂತಳು. ಬೆಳಗಿನ ರೈಲು ಬರುವವರೆಗೂ ಕೂತೇ ಇದ್ದಳು.

ಶುಕ್ರವಾರ ಅವಳು ತಲೆಗೂ ಮೂಗಿಗೂ ಬಟ್ಟೆ ಬಿಗಿದುಕೊಂಡು ಹೋದಳು. ಪಾಲಿಶ್ ಕೋಣೆ ಗುಡಿಸಿದಳು. ಒಂದು ಮೂಲೆಯನ್ನೂ ಬಿಡಲಿಲ್ಲ. ಕಸವನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ಹಿತ್ತಲಿಗೆ ಬಂದಾಗ ಹಂಡೆಯಿಂದ ಹಬೆ ಏಳುತ್ತಿತ್ತು. ಸುಮಲತ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

"ಯಾಕೆ ಮತ್ತೆ ಬಟ್ಟೆ ಕಟ್ಟಿದ್ದೀಯ? ಬಿಚ್ಚು, ಬಾ."

"ಬ್ಯಾಡಿ ತಾಯಿ. ನನ್ ತಲೆ ನಾನು ಮನೇಲಿ ತೊಳ್ಕೊಂತೀನಿ."

"ಏನಾಯ್ತೀಗ?"

ಅಕ್ಕಯ್ಯಮ್ಮ ಅವಳನ್ನೇ ನೋಡಿದಳು. ಕೇಳಬಾರದೆಂದುಕೊಂಡು ಬಂದಿದ್ದಳು. ಕೇಳಿಬಿಟ್ಟಳು.

"ನಿಮ್ಗೆ ಗೊತ್ತಿತ್ತಾ ತಾಯಿ?"

ಸುಮಲತ ಚೊಂಬನ್ನು ಕೆಳಗಿಟ್ಟಳು. ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅಕ್ಕಯ್ಯಮ್ಮ ನಂಬುತ್ತಿದ್ದಳು, ಓಡಿ ಹೋಗಿ ನಂಬುತ್ತಿದ್ದಳು.

"ಗೊತ್ತಿತ್ತು," ಎಂದಳು ಸುಮಲತ. ದನಿ ಏರಿಸಲಿಲ್ಲ. "ಇಲ್ದೇ ಇದ್ರೆ ನಿನ್ನ ತಲೆ ನಾನ್ಯಾಕೆ ಮುಟ್ಲಿ?"

ಮಾತು ಕೇಳಿಸಿಕೊಂಡು ವೇಣು ಹಿತ್ತಲಿಗೆ ಬಂದ. ಹಿಂದೆಯೇ ಕೆಲಸದವರೂ ಬಾಗಿಲಿಗೆ ಬಂದು ನಿಂತರು.

"ಏನಂತೆ ಇವಳದು?"

"ತಲೆ ತೊಳ್ಸ್ಕೊಳಲ್ವಂತೆ."

"ಲೇ ಅಕ್ಕಯ್ಯಮ್ಮ, ಇವತ್ತು ಶುಕ್ರವಾರ. ಈ ಮನೆಯಿಂದ ಏನೂ ಆಚೆ ಹೋಗಂಗಿಲ್ಲ ಅಂತ ಗೊತ್ತಿಲ್ವಾ ನಿನಗೆ?"

"ನಾನೇನ್ ತಕೊಂಡ್ ಓಯ್ತಿದೀನಿ ಸಾವ್ಕಾರೇ?"

"ನಿನ್ನ ತಲೇಲಿರೋದು ನನ್ನದು."

ಹೇಳಿಬಿಟ್ಟ. ಎಲ್ಲರ ಎದುರಿಗೆ ಹೇಳಿಬಿಟ್ಟ. ಅಂಬರೀಶ ಬಾಗಿಲ ಕಡೆಯಿಂದ ಮುಖ ತಿರುಗಿಸಿದ.

ಅಕ್ಕಯ್ಯಮ್ಮನಿಗೆ ಕೆಮ್ಮು ಬಂತು. ಕೆಮ್ಮಿದಳು. ಬಗ್ಗಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ನಿಲ್ಲುವ ತನಕ ಕೆಮ್ಮಿದಳು. ಎಲ್ಲರೂ ಕಾದರು. ಆಮೇಲೆ ನೆಟ್ಟಗೆ ನಿಂತು ಮಾತಾಡಿದಳು.

"ನನ್ ಗಂಡ ಗಣೀಲಿ ಕಲ್ಲು ಕೊರೀತಿದ್ದ. ಎದೆ ತುಂಬಾ ಕಲ್ಲಿನ ಧೂಳು ಕುಡ್ದು ಸತ್ತ. ಬಾಯ್ಗೆ ನೀರ್ ಬಿಟ್ರೂ ಒಳಕ್ಕೆ ಇಳೀನಿಲ್ಲ. ಆ ಧೂಳು ನಮ್ದು ಕಣಯ್ಯ, ತೊಳ್ದು ವಾಪಸ್ ಕೊಟ್ಟು ಓಗು ಅಂತ ಯಾವನೂ ಕೇಳ್ನಿಲ್ಲ. ಚಿನ್ನ ಆದ್ರೆ ನಿಮ್ದು. ಧೂಳಾದ್ರೆ ನಮ್ದು. ಅಲ್ವಾ?"

"ಹಳೇ ಕತೆ ಎಲ್ಲ ನನಗೆ ಬೇಡ. ಕೂತ್ಕೋ."

"ಕೂರಲ್ಲ."

"ಕೂಲಿ ಕೊಡ್ತಿರೋದು ನಾನು."

"ಕಸ ಗುಡ್ಸಕ್ಕೆ ಕೊಡ್ತಿದೀರ. ಗುಡ್ಸಿದೀನಿ. ಡಬ್ಬಿ ಅಲ್ಲೈತೆ ನೋಡ್ಕಳ್ಳಿ. ಈ ತಲೆ ನನ್ನವ್ವ ನೋವು ತಿಂದು ಎತ್ತಿದ್ದು. ಇದ್ನ ನಾನು ನಿಮ್ಗೆ ಕೂಲಿಗೆ ಕೊಟ್ಟಿಲ್ಲ."

"ನಾಳೆಯಿಂದ ಬರಬೇಡ ಹಂಗಾದ್ರೆ."

"ಬರಲ್ಲ."

ಅಷ್ಟು ಬೇಗ ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. ಅವನಿಗೆ ಕೋಪಕ್ಕಿಂತ ಗಾಬರಿ ಹೆಚ್ಚಾಯಿತು. ಸೊಂಟನೋವನ್ನೂ ಮರೆತು ಓಡಿ ಹೋಗಿ ಸಂದಿಯ ಬಾಗಿಲಿಗೆ ಬೀಗ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ತೊಳ್ಕೊಂಡು ಹೋಗು ಅಂದ್ರೆ ತೊಳ್ಕೊಂಡು ಹೋಗು. ಅಲ್ಲೀವರೆಗೂ ಬಿಡಲ್ಲ. ಸುಮಾ, ಅವಳ ತಲೆ ಬಟ್ಟೆ ಬಿಚ್ಚು."

ಸುಮಲತ ಒಂದು ಹೆಜ್ಜೆ ಇಟ್ಟಳು.

"ಕೈ ಇಕ್ಕಿದ್ರೆ ಸರಿ ಇರಲ್ಲ," ಎಂದಳು ಅಕ್ಕಯ್ಯಮ್ಮ.

ಸುಮಲತ ನಿಂತಳು. ಅಕ್ಕಯ್ಯಮ್ಮ ತಿರುಗಿದಳು. ಪಾಲಿಶ್ ಕೋಣೆ ದಾಟಿದಳು. ಅದರಾಚೆಗೆ ಅಂಗಡಿಯ ಗಾಜಿನ ಬಾಗಿಲು. ವೇಣುವಿಗೆ ಅವಳು ಎಲ್ಲಿಗೆ ಹೋಗುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ಅವಳ ಕೈ ಬಾಗಿಲ ಮೇಲಿತ್ತು.

"ಏ, ಆ ಕಡೆ ಬೇಡ, ಗಿರಾಕಿಗಳಿದ್ದಾರೆ," ಎಂದು ಹಿಂದಿನಿಂದ ಪಿಸುಗುಟ್ಟಿದ. ಕೂಗುವ ಹಾಗಿರಲಿಲ್ಲ.

ಒಳಗೆ ತಣ್ಣಗಿತ್ತು. ಮದುವೆಯ ಒಡವೆ ಕೊಳ್ಳಲು ಬಂದ ಒಂದು ಸಂಸಾರ ಮೆತ್ತನೆಯ ಕುರ್ಚಿಗಳಲ್ಲಿ ಕೂತಿತ್ತು. ಕನ್ನಡಿಗಳಲ್ಲಿ ಎಲ್ಲಿ ನೋಡಿದರೂ ತಲೆಗೆ ಮೂಗಿಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು. ಹರಿದ ಹವಾಯಿ ಚಪ್ಪಲಿ ಹಿತ್ತಲಲ್ಲೇ ಉಳಿದಿತ್ತು, ಬರಿಗಾಲು. ಅವಳು ಮಧ್ಯದಲ್ಲಿ ನಡೆದಳು. ಓಡಲಿಲ್ಲ. ವೇಣು ಹಿಂದೆಯೇ ಬಂದ, ಗಿರಾಕಿಗಳಿಗೆ ಹಲ್ಲು ಬಿಟ್ಟು ಕೈಮುಗಿಯುತ್ತ, ಅವಳಿಗೆ ಮಾತ್ರ ಕೇಳುವಂತೆ ಹಲ್ಲು ಕಚ್ಚಿ ಬೈಯುತ್ತ. ಬೀದಿಗೆ ಇಳಿದು ಅವಳು ಒಮ್ಮೆ ತಿರುಗಿ ನೋಡಿದಳು. ಅವಳು ತುಳಿದು ಬಂದ ಬಾಗಿಲ ಚಾಪೆಯನ್ನು ವೇಣು ಮಡಿಸುತ್ತಿದ್ದ. ಪುಡಿ ಉದುರದ ಹಾಗೆ ನಾಲ್ಕೂ ಅಂಚು ಒಳಗೆ ಮಾಡಿ ಮೆಲ್ಲಗೆ ಮಡಿಸಿ ಒಳಗೆ ಒಯ್ದ.

ಸ್ಟೇಷನ್ನಿನವರೆಗೆ ಬರಿಗಾಲಲ್ಲಿ ನಡೆದಳು. ಮಾರಿಕುಪ್ಪಂ ಕಡೆಗೆ ಆ ಹೊತ್ತಿಗೆ ರೈಲು ಖಾಲಿ. ಕಿಟಕಿಯ ಪಕ್ಕ ಕೂತಳು. ಗೆದ್ದೆ ಎನ್ನುವ ಸಂತೋಷ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಕೆಲಸ ಹೋಯಿತು, ಅದು ಇರಲಿ, ಎಲ್ಲಾದರೂ ಪಾತ್ರೆ ತಿಕ್ಕಬಹುದು. ಶುಕ್ರವಾರ ಹೋಯಿತು. ಇನ್ನು ವಾರಕ್ಕೆ ಬರೀ ದಿನಗಳು.

ಲೈನಿನಲ್ಲಿ ಎಲ್ಲ ಬಾಗಿಲಿಗೂ ಬೀಗ. ಅವಳು ಮನೆ ಮುಂದೆ ಮೂರು ಕಲ್ಲಿಟ್ಟು ನೀರು ಕಾಸಿದಳು. ಬಕೆಟ್ಟನ್ನು ಹಾಸುಗಲ್ಲಿನ ಹತ್ತಿರ ಎಳೆದುಕೊಂಡು ಕೂತು ತಲೆಬಟ್ಟೆ ಬಿಚ್ಚಿದಳು. ಮೊದಲ ಚೊಂಬು ಸುರಿದುಕೊಂಡಳು. ಬೂದಿ ಬಣ್ಣದ ನೀರು ಹಾಸುಗಲ್ಲಿನಿಂದ ಇಳಿದು ಚರಂಡಿಗೆ ಹೋಯಿತು. ಅದರಲ್ಲಿ ಚಿನ್ನವಿತ್ತೋ ಇಲ್ಲವೋ ಅವಳು ಬಗ್ಗಿ ನೋಡಲಿಲ್ಲ. ಸೀಗೆಪುಡಿ ಹಚ್ಚಿದಳು. ಕಣ್ಣು ಮುಚ್ಚಿಕೊಂಡು ಉಜ್ಜತೊಡಗಿದಳು. ಭುಜ ನೋಯುತ್ತಿತ್ತು, ಕೈ ಕತ್ತಿನ ಹಿಂದಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ.

ಒಂದು ಬಾಗಿಲಿಗೆ ಮಾತ್ರ ಬೀಗವಿರಲಿಲ್ಲ. ವನಿತಾಳ ಕೂಸಿಗೆ ಜ್ವರವೆಂದು ಅವಳು ಅವತ್ತು ರಜೆ ಹಾಕಿದ್ದಳು. ಕೂಸನ್ನು ಮಲಗಿಸಿ ಹೊರಗೆ ಬಂದವಳು ನೋಡಿದಳು.

"ಎನ್ನಾಚ್ಚು ಅಕ್ಕಾ, ಏನಾಯ್ತು? ಇವತ್ತು ಶುಕ್ರವಾರ ಇಲ್ಲೇ ತಲೆಗೆ ನೀರಾಕೊಂತಿದೀಯ? ಇಂದ್ಗಡೆ ಎಲ್ಲ ಅಂಗೇ ಐತೆ ನೋಡು. ಸರ್ಕೊ, ನಾನು ಉಜ್ತೀನಿ."

ಹತ್ತಿರ ಬಂದು ಕೂತು ತಲೆಯ ಮೇಲೆ ಎರಡೂ ಕೈ ಇಟ್ಟಳು.

ಅಕ್ಕಯ್ಯಮ್ಮ ಬೆಚ್ಚಿಬಿದ್ದು ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಯಾಕೆ?"

"ಯಾಕೆ ಅಂದ್ರೆ? ಸುಮ್ನೆ ಅಕ್ಕಾ."

"ಸುಮ್ನೆ ಯಾರೂ ಮುಟ್ಟಲ್ಲ. ಏನ್ ಬೇಕು ನಿಂಗೆ? ಬಾಯ್ಬಿಟ್ಟು ಏಳು. ಏನ್ ಬೇಕು?"

ವನಿತಾ ಕೈ ಬಿಡಿಸಿಕೊಂಡು ಎದ್ದಳು. ನೊರೆ ಮೆತ್ತಿದ ಎರಡು ಅಂಗೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಳು. ಆಮೇಲೆ ನೈಟಿಗೆ ಒರೆಸಿಕೊಂಡಳು.

"ಏನೂ ಬ್ಯಾಡಕ್ಕಾ," ಎಂದು ಒಳಗೆ ಹೋದಳು. ಒಳಗೆ ಕೂಸು ಎದ್ದು ಅಳುವುದು ಕೇಳಿಸಿತು, ಅವಳು ಸಮಾಧಾನ ಮಾಡುವುದು ಕೇಳಿಸಿತು.

ಆ ಕೈಗಳಲ್ಲಿ ಏನೂ ಇರಲಿಲ್ಲವೆಂದು ಅಕ್ಕಯ್ಯಮ್ಮನಿಗೆ ಗೊತ್ತಿತ್ತು. ಹಿಡಿದುಕೊಂಡಾಗಲೇ ಗೊತ್ತಾಗಿತ್ತು. ಕರೆಯಬೇಕು, ಬಾ ಮಗಳೇ ಎನ್ನಬೇಕು. ಬಾಯಿ ತೆರೆದಳು. ಕರೆಯದೆ ಮುಚ್ಚಿದಳು. ಸೀಗೆ ಕಣ್ಣಿಗಿಳಿದು ಉರಿಯುತ್ತಿತ್ತು. ಬಕೆಟ್ಟಿನ ನೀರು ಆರುತ್ತ ಬಂದಿತ್ತು. ಅವಳು ಒಂದು ಕೈಯಲ್ಲಿ ಚೊಂಬು ಎತ್ತಿ ಸುರಿದುಕೊಂಡು ಇನ್ನೊಂದು ಕೈಯಿಂದ ತನ್ನ ತಲೆಯನ್ನು ತಾನೇ ಉಜ್ಜಿಕೊಂಡಳು.